ಎಮ್ಮೆ ಉಂಡ ರೊಟ್ಟಿಯ ಲೆಕ್ಕ

ನನಗೆ ಗಾಬರಿಯಾಗುವುದು ಕಡಿಮೆ. ಕೃಷ್ಣೆಯ ನೀರು ಹಿತ್ತಿಲ ಬಾಗಿಲಿಗೆ ಬಂದು ನಿಂತ ವರ್ಷ ಮನೆಮಂದಿಯೆಲ್ಲ ದೇವರನ್ನು ಕರೆಯುತ್ತಿದ್ದರೆ ನಾನು ಜೋಳದ ಚೀಲಗಳನ್ನು ಅಟ್ಟಕ್ಕೆ ಏರಿಸುತ್ತಿದ್ದೆ. ಯಜಮಾನರು ತೀರಿಕೊಂಡ ದಿನವೂ ಅಳುವಷ್ಟು ಅತ್ತು ಸಂಜೆ ಎಮ್ಮೆ ಹಿಂಡಿದೆ. ಅಂಥ ನಾನು ಒಂದು ಮಧ್ಯಾಹ್ನ ಅಡುಗೆಮನೆಯ ಕದದ ಹಿಂದೆ ಸೀಮೆಸುಣ್ಣದ ಗೆರೆಗಳನ್ನು ನೋಡಿ ನೆಲಕ್ಕೆ ಕುಸಿದು ಕುಳಿತೆ ಎಂದರೆ ನಿಮಗೆ ನಗು ಬಂದೀತು. ನಗಿರಿ. ನಿಮ್ಮ ಮನೆಯ ಕದದ ಹಿಂದೆಯೂ ಒಮ್ಮೆ ನೋಡಿ ಬಂದು ಆಮೇಲೆ ನಗಿರಿ.

ಗೆರೆ ಎಳೆದವಳು ನನ್ನ ಸೊಸೆ ಸುನಂದಾ. ನಿಪ್ಪಾಣಿಯ ಹುಡುಗಿ, ಹತ್ತನೆಯ ಇಯತ್ತೆ ಪಾಸಾದವಳು. ನಾನು ಎರಡನೆಯ ಇಯತ್ತೆ ಮುಗಿಸುವ ಹೊತ್ತಿಗೆ ತಂಗಿ ಹುಟ್ಟಿದಳು, ತೊಟ್ಟಿಲು ತೂಗಲು ಮನೆಯಲ್ಲೇ ಉಳಿದೆ. ಆದರೂ ನಾಲ್ಕು, ಮೇಲೊಂದು ಅಡ್ಡ, ಹೀಗೆ ಐದೈದರ ಕಟ್ಟು ಎಣಿಸಲು ನನಗೂ ಬರುತ್ತದೆ. ಎಣಿಸಿದೆ. ಎಂಬತ್ತೇಳು. ನಾನು ತಿಂದ ರೊಟ್ಟಿಯನ್ನೇ ಇವಳು ಎಣಿಸುತ್ತಿದ್ದಾಳೆ ಎಂದು ನನ್ನ ತಲೆಗೆ ಹೊಳೆಯಿತು. ಎರಡೂವರೆ ರೊಟ್ಟಿ ಉಣ್ಣುವವಳು ಒಂದಕ್ಕೇ ಕೈ ತೊಳೆಯತೊಡಗಿದೆ. ನಾಲ್ಕು ದಿನವಾದರೂ ದಿನದ ಗೆರೆ ಕಡಿಮೆಯಾಗಲಿಲ್ಲ, ಇನ್ನೂ ಹೆಚ್ಚಿದವು. ಆಗ ತಡೆಯದೆ ಕೇಳಿಯೇ ಬಿಟ್ಟೆ.

"ನಾ ತಿನ್ನೂದು ನಿನ್ನ ಕಣ್ಣಾಗ ಚುಚ್ಚತೈತೇನ ಬೇ?"

ಅವಳು ಹಂಚಿನ ಮೇಲಿನ ರೊಟ್ಟಿಯನ್ನು ಅಲ್ಲೇ ಬಿಟ್ಟಳು. "ಅಯ್ಯ ಅತ್ತಿ, ಅದು ನೀವು ತಿಂದದ್ದಲ್ರಿ, ಉಳದದ್ದು. ಇಪ್ಪತ್ತ ದಿನಾತು, ದಿನಾ ಎಮ್ಮಿಗೆ ಹೋಗೂ ರೊಟ್ಟಿ ಬರದೇನಿ. ನಾಕ ದಿನದಿಂದ ನಿಮ್ಮ ಪಾಲಿಂದೂ ಅದಕ್ಕ ಹೊಂಟೈತಿ."

ಇದು ಮೊದಲಿಗಿಂತ ದೊಡ್ಡ ಪೆಟ್ಟು. ನನ್ನ ಒಲೆಯ ಮುಂದೆ ಒಂದು ಅಗುಳೂ ಹಾಳಾಗುವುದಿಲ್ಲ ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗಿದವಳು ನಾನು. ಇಪ್ಪತ್ತು ದಿನದಲ್ಲಿ ಒಂದು ಮದುವೆಯ ಪಂಕ್ತಿ ಉಂಡು ಏಳುವಷ್ಟು ರೊಟ್ಟಿಯನ್ನು ದನದ ಕೊಟ್ಟಿಗೆಗೆ ಸಾಗಿಸಿದ್ದೆ.

ನಮ್ಮದು ಜೈನರ ಮನೆ. ಹೊತ್ತು ಮುಳುಗಿದ ಮೇಲೆ ಊಟವಿಲ್ಲ, ನಿನ್ನೆಯದನ್ನು ಇವತ್ತು ಮುಟ್ಟುವುದಿಲ್ಲ. ನಾಲ್ಕು ಗಂಟೆಗೆ ರೊಟ್ಟಿ ಬಡಿಯಲು ಕೂತರೆ ನನ್ನ ಅಳತೆ ಎಂಟು ಬೊಗಸೆ ಹಿಟ್ಟು, ಯಾರಾದರೂ ಬಂದಾರೆಂದು ಮೇಲೆ ಇನ್ನೊಂದು. ಆದರೆ ಕಬ್ಬಿನ ಸುಗ್ಗಿಯಲ್ಲಿ ಗಂಡಸರು ಗಾಡಿ ಹೂಡಿಕೊಂಡು ಕಾರ್ಖಾನೆಯ ಮುಂದೆ ಸಾಲಿನಲ್ಲಿ ನಿಂತಿರುತ್ತಾರೆ. ಸಾಲು ಕರಗುವಷ್ಟರಲ್ಲಿ ಸೂರ್ಯ ಇರುವುದಿಲ್ಲ. ಅವರು ಬರಿ ಹೊಟ್ಟೆಯಲ್ಲಿ ಬಂದು ಮಲಗುತ್ತಿದ್ದರು, ಅವರ ಪಾಲಿನ ರೊಟ್ಟಿ ಎಮ್ಮೆಗೆ. ಎಷ್ಟೋ ವರ್ಷಗಳಿಂದ ಹೀಗೇ ನಡೆದಿತ್ತು, ನನಗೆ ಅದು ಹಾಳು ಎಂದು ಅನ್ನಿಸಿರಲೇ ಇಲ್ಲ.

"ಎಮ್ಮಿ ತಿಂದ್ರ ಹಾಲ ಕೊಡ್ತೈತಿ. ಹಾಳ ಹೆಂಗಾತು?" ಎಂದೆ.

ಹಿರಿಮಗ ಭರತೇಶ ಹೆಂಡತಿಯ ಕಡೆ ವಾಲಿದ. "ಅವ್ವಾ, ಎಮ್ಮಿ ಈಗ ಕಣಿಕಿ ಮೇವ ಮೂಸಿ ನೋಡೂದಿಲ್ಲ. ಗಂಟೆ ನಾಕ ಹೊಡದ್ರ ಸಾಕು, ಅಡಗಿಮನಿ ಕಡೆ ಮಾರಿ ಮಾಡಿ ನಿಂದ್ರತೈತಿ. ಇನ್ನ ಅದಕ್ಕ ಪಲ್ಲೆನೂ ಹಚ್ಚಿ ಕೊಡು."

ಸುನಂದಾ ಹೂಡಿದ ಉಪಾಯ ಹೀಗಿತ್ತು: ಬಾಗಿಲ ಬಳಿ ಒಂದು ಪಾಟಿ ತೂಗುಹಾಕುವುದು. ಹೊತ್ತು ಮುಳುಗುವುದರೊಳಗೆ ಮನೆಗೆ ಬಂದು ಉಣ್ಣುವವರು ಬೆಳಿಗ್ಗೆ ಹೊರಡುವಾಗ ಬಳಪದಿಂದ ಒಂದು ಗೆರೆ ಎಳೆಯುವುದು. ಬಾರದವರಿಗೆ ಬುತ್ತಿ. ಗೆರೆ ಇದ್ದಷ್ಟೇ ಹಿಟ್ಟು.

"ನನ್ನ ಮನ್ಯಾಗ ನಾನ ಹಾಜರಿ ಹಚ್ಚಬೇಕೇನು?" ಎಂದೆ. "ಒಬ್ಬರು ಅಚಾನಕ ಬಂದ್ರ ಅವರ ಮುಂದ ಪಾಟಿ ಇಡ್ತೀಯೇನು?"

"ಒಂದ ತಿಂಗಳ ನೋಡೂಣ್ರಿ. ನಮ್ಮ ಮನಿಗೆ ಬಂದವರು ಒಬ್ಬರು ಉಪವಾಸ ಬಿದ್ರೂ ಹಿಟ್ಟಿನ ಡಬ್ಬಿ ಮತ್ತ ನಿಮ್ಮ ಕೈಯಾಗ. ಅಲ್ಲೀಮಟಾ ನನ್ನ ಕಡೆ ಇರ್ಲಿ."

ಹಿಟ್ಟಿನ ಡಬ್ಬಿ ಎಂದರೆ ಬರೀ ಡಬ್ಬಿಯಲ್ಲ. ನನ್ನ ಅತ್ತೆ ಅದನ್ನು ನನ್ನ ಕೈಗೆ ಕೊಡುವಷ್ಟರಲ್ಲಿ ನನ್ನ ಕೂದಲು ಅರ್ಧ ನೆರೆತಿತ್ತು. ಇವಳು ಎರಡೇ ವರ್ಷಕ್ಕೆ, ಅದೂ ನಯವಾಗಿ, ಇಸಿದುಕೊಂಡಳು.

ಮೂರು ವಾರ ಕಾದೆ. ಬೇಡವಾದಾಗ ಗುಂಪುಗಟ್ಟಿ ಬರುತ್ತಿದ್ದ ನೆಂಟರು ಒಬ್ಬರೂ ಬರಲಿಲ್ಲ. ಕದದ ಹಿಂದೆ ಹೊಸ ಗೆರೆ ಮೂಡಲಿಲ್ಲ. ಕೊನೆಗೆ ನೆಂಟರನ್ನು ನಾನೇ ಹಿಡಿದು ತರಬೇಕೆಂದು ನಿಶ್ಚಯಿಸಿ, "ಐನಾಪುರದಾಗ ತಂಗಿ ಮನ್ಯಾಗ ವಸ್ತಿ ಇರ್ತೀನಿ, ನಾಳಿಗೆ ಬರ್ತೀನಿ" ಎಂದು ಸುಳ್ಳು ಹೇಳಿ ಬಸ್ಸು ಹತ್ತಿದೆ. ಅದೇ ದಿನ ಸಂಜೆ ತಂಗಿಯನ್ನು ಕರೆದುಕೊಂಡು ಬಂದು ಬಾಗಿಲಲ್ಲಿ ನಿಲ್ಲುವುದು ನನ್ನ ಲೆಕ್ಕ.

ತಂಗಿ ಏಳಲೇ ಇಲ್ಲ. "ಅಕ್ಕಾ, ನನ್ನ ಸೊಸಿ ಆಗಲೇ ನನ್ನ ಪಾಲಿಂದ ಹಿಟ್ಟ ನಾದ್ಯಾಳ. ಬಿಟ್ಟ ಬಂದ್ರ ರೊಟ್ಟಿ ಹಾಳಾಗ್ತಾವ. ನೀನೂ ಉಂಡ ಹೋಗು."

ಉಂಡರೆ ನನ್ನ ಪಂದ್ಯ ಕೆಡುತ್ತದೆ. ತಂಗಿ ಬಾರದಿದ್ದರೇನು, ನಾನೇ ಅಚಾನಕ ಬಂದವಳು ಎಂದುಕೊಂಡು ಬರಿ ಹೊಟ್ಟೆಯಲ್ಲಿ ಬಸ್ಸು ಹಿಡಿದೆ. ಊರಿನಲ್ಲಿ ಇಳಿದಾಗ ಸೂರ್ಯ ಕಬ್ಬಿನ ಗರಿಗೆ ತಾಗಿದ್ದ. ಓಡಿದಂತೆಯೇ ನಡೆದೆ. ಅಡುಗೆಮನೆಯಲ್ಲಿ ಹಿಟ್ಟು ನಾದುವ ಪರಾತ ತೊಳೆದು ಬೋರಲು ಹಾಕಿತ್ತು, ರೊಟ್ಟಿ ಬುಟ್ಟಿಯ ತಳ ಕಾಣುತ್ತಿತ್ತು, ಒಲೆಯಲ್ಲಿ ಬೂದಿ. ಒಂದು ಚೂರೂ ಉಳಿದಿರಲಿಲ್ಲ. ಜೀವಮಾನವೆಲ್ಲ ನಾನು ಓಣಿಯಲ್ಲಿ ಹೇಳಿಕೊಂಡ ಅಡುಗೆಮನೆ ಅದೇ. ಅಂಥದ್ದನ್ನು ಕಣ್ಣಾರೆ ಕಂಡದ್ದು ಅದೇ ಮೊದಲು.

ಸುನಂದಾ ನನ್ನನ್ನು ಕಂಡವಳೇ ಎದ್ದಳು. ಒಲೆಗೆ ಪುಳ್ಳೆ ತುರುಕಿದಳು, ಹಂಚು ಇಟ್ಟಳು, ಹಿಟ್ಟು ನಾದಿದಳು. ಹಂಚು ಕಾಯುವುದಕ್ಕೂ ಅಂಗಳದಲ್ಲಿ ಕತ್ತಲಾಗುವುದಕ್ಕೂ ಸರಿಹೋಯಿತು. ನಾದಿದ ಹಿಟ್ಟನ್ನು ಅವಳೂ ನಾನೂ ನೋಡುತ್ತ ಕುಳಿತೆವು. ಕೊನೆಗೆ ಅವಳು ಎದ್ದು ಡಬ್ಬಿ ತಂದು ನನ್ನ ಮುಂದಿಟ್ಟಳು. "ನೀವು ಗೆದ್ರಿ ಅತ್ತಿ." ನನ್ನ ಹೊಟ್ಟೆ ನನಗಿಂತ ಮೊದಲೇ ಏನೋ ಉತ್ತರ ಕೊಟ್ಟಿತು.

ಆ ಹಿಟ್ಟು ಎಮ್ಮೆಗೆ ಹೋಯಿತು. ಕದದ ಹಿಂದೆ ಮೂರು ವಾರದ ಮೇಲೆ ಬಿದ್ದ ಗೆರೆ ಅದೊಂದೇ, ಅದೂ ನನ್ನ ಹೆಸರಿನದು.

ಮರುದಿನ ನಾಲ್ಕು ಗಂಟೆಗೆ ಡಬ್ಬಿಯನ್ನು ಮುಂದಿಟ್ಟುಕೊಂಡು ಠೀವಿಯಿಂದ ಕುಳಿತೆ. ಕೈ ತಾನಾಗಿಯೇ ಎಂಟು ಬೊಗಸೆ ತೆಗೆಯಿತು, ಒಂಬತ್ತಕ್ಕೂ ಹೋಯಿತು. ಸುನಂದಾ ಪಲ್ಲೆ ಹೆಚ್ಚುತ್ತಿದ್ದಳು. ನಾನೇ ಎದ್ದು, ನೀರು ಕುಡಿಯುವ ನೆಪ ಮಾಡಿ, ಬಾಗಿಲ ಬಳಿಯ ಪಾಟಿ ನೋಡಿ ಬಂದೆ. ಎರಡೇ ಗೆರೆ ಇದ್ದವು. ಪಕ್ಕದಲ್ಲಿ ನನ್ನದೊಂದು ಎಳೆದೆ, ಯಾರ ಕಣ್ಣಿಗೂ ತಪ್ಪದಿರಲೆಂದು ಸ್ವಲ್ಪ ಉದ್ದವಾಗಿಯೇ. ಬಂದು ಕುಳಿತು ಪರಾತದ ಹಿಟ್ಟನ್ನು ಅರ್ಧಕ್ಕಿಂತ ಹೆಚ್ಚು ಡಬ್ಬಿಗೆ ಮರಳಿ ಸುರಿದೆ. ಎಮ್ಮೆ ಕೊಟ್ಟಿಗೆಯಿಂದ ಇದನ್ನೆಲ್ಲ ನೋಡುತ್ತಿತ್ತು. ಅವತ್ತು ಹಿಂಡಲು ಹೋದಾಗ ನನಗೆ ಒದೆಯಿತು.