ಏಳದ ಕಂಪ್ಯೂಟರೂ ಯಾದವಗಿರಿಯ ಮದುವೆ ಕಾರ್ಡೂ

ಕುಂಬಾರಕೊಪ್ಪಲಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಸೊಸೆ ಕಂಪ್ಯೂಟರ್ ಇಟ್ಟು ಮದುವೆ ಕಾರ್ಡು ಟೈಪ್ ಮಾಡೋಕೆ ಶುರುಮಾಡಿದ ಮೇಲೆ, ಸುದ್ದಿಗಾಗಿ ನಾನು ಬೀದಿಗೆ ಇಳಿಯಬೇಕಾಗಿಲ್ಲ. ಆದರೆ ಆ ಹಾಳು ಯಂತ್ರ ಆಗಾಗ ಮುಷ್ಕರ ಹೂಡುತ್ತೆ. ಬಟನ್ ಒತ್ತಿದರೆ ದೀಪವಿಲ್ಲ, ಸದ್ದಿಲ್ಲ.

೧. ಉಸಿರು

ಮೊದಲ ಸಲ ನಿಂತಾಗ ಸಿದ್ಧಾರ್ಥನಗರದಿಂದ ರಿಪೇರಿಯವನು ಬಂದ. ನಾನು ಕಸೂತಿ ಹಾಕಿ ಹೊದಿಸಿದ್ದ ಬಟ್ಟೆಯನ್ನು ಎರಡು ಬೆರಳಲ್ಲಿ ಎತ್ತಿ, ಓಡುವಾಗಲೂ ಇದನ್ನು ತೆಗೆಯೋದಿಲ್ವಾ ಅಂದ. ದೂಳು ಕೂರುತ್ತಲ್ಲಪ್ಪ ಅಂದೆ. ಪವರ್ ಸಪ್ಲೈ ಅಂತ ಹಿಂದೆ ಒಂದು ತಗಡಿನ ಡಬ್ಬಿ ಇರುತ್ತೆ, ಗೋಡೆಯ ಕರೆಂಟನ್ನು ಒಳಗೆಲ್ಲ ಹಂಚೋದು ಅದೇ. ಅದರ ಫ್ಯಾನಿಗೆ ಗಾಳಿ ಸಿಗದೆ ಸುಟ್ಟುಹೋಗಿತ್ತಂತೆ.

“ಇದಕ್ಕೂ ಉಸಿರಾಡೋಕೆ ಬಿಡಬೇಕು ಅಜ್ಜಿ” ಅಂದ.

ಸೊಸೆ ನನ್ನನ್ನೇ ನೋಡುತ್ತಾ, “ಇನ್ನೊಂದ್ಸಲ ಹೇಳಿ, ಸ್ವಲ್ಪ ಗಟ್ಟಿಯಾಗಿ” ಅಂದಳು.

೨. ಕೆಂಪು ಗುಂಡಿ

ಹೊಸ ಡಬ್ಬಿಯ ಹಿಂದೆ ಒಂದು ಕೆಂಪು ಗುಂಡಿ. ಈ ಕಡೆ ತಳ್ಳಿದರೆ ೨೩೦, ಆ ಕಡೆ ತಳ್ಳಿದರೆ ೧೧೫. ನಮ್ಮ ಯಜಮಾನರು ಕನ್ನಡಕ ಹಾಕಿಕೊಂಡು ಓದಿ, ಅರ್ಧ ಕರೆಂಟಲ್ಲಿ ಓಡೋದಕ್ಕೆ ಪೂರ್ತಿ ಯಾಕೆ ಅಂತ ೧೧೫ಕ್ಕೆ ತಳ್ಳಿದರು. ಸೊಸೆ ಸ್ವಿಚ್ ಹಾಕಿದಳು. ಢಮ್ ಅಂತು, ಕೋಣೆ ತುಂಬ ಹೊಗೆ. ರಿಪೇರಿಯವನು ಬಂದು ಇನ್ನೊಂದು ಡಬ್ಬಿ ಹಾಕುತ್ತಾ, ಈ ಗುಂಡಿ ಮುಟ್ಟಿದ್ದು ಯಾರು ಅಂದರೆ ಇವರು ಪೇಪರಿನೊಳಗೆ ಮುಖ ಹುದುಗಿಸಿಬಿಟ್ಟರು. ಅವನು ಹೋದಮೇಲೆ ನೋಡ್ತೀನಿ, ಮನುಷ್ಯ ಟಾರ್ಚ್ ಹಿಡಿದು ಫ್ರಿಡ್ಜಿನ ಹಿಂದೆ ಇಂಥದೇ ಗುಂಡಿ ಹುಡುಕುತ್ತಿದ್ದಾರೆ.

೩. ಗಂಡಿನ ಹೆಸರು

ಯಾದವಗಿರಿಯಿಂದ ಒಬ್ಬ ಅಮ್ಮನವರು ಕಾರಲ್ಲಿ ಬಂದರು. ಮಗಳ ಮದುವೆ ಕಾರ್ಡು ತಯಾರಾಗಿತ್ತು. ಈಗ ಗಂಡಿನ ಹೆಸರು ಬದಲಾಯಿಸಬೇಕಂತೆ. ನಿಶ್ಚಿತಾರ್ಥದ ಊಟದಲ್ಲಿ ಬೀಗಿತ್ತಿ ಪಾಯಸ ನೀರಾಗಿದೆ ಅಂದಳಂತೆ. ಅಷ್ಟಕ್ಕೇ ಆ ಹುಡುಗನನ್ನು ಬಿಟ್ಟು ತಮ್ಮ ಸ್ವಂತ ತಮ್ಮನ ಮಗನನ್ನು ಗೊತ್ತುಮಾಡಿದ್ದಾರೆ. ರಾಹುಕಾಲ ಹುಟ್ಟೋದರೊಳಗೆ ಹೊಸ ಕಾರ್ಡು ಮನೆದೇವರ ಮುಂದೆ ಇಡಬೇಕು.

ಯಂತ್ರ ಏಳಲಿಲ್ಲ. ರಿಪೇರಿಯವನು ಬಂದು ಪ್ಲಗ್ಗಿಗೆ ಟೆಸ್ಟರ್ ಇಟ್ಟ, ಕರೆಂಟಿತ್ತು. ಸೊಸೆಯ ಹೇರ್‌ಪಿನ್ ಇಸ್ಕೊಂಡು ಬಟನ್ನಿನ ಗೊಡವೆಯಿಲ್ಲದೆ ಡಬ್ಬಿಯ ಎರಡು ವೈರು ನೇರ ಸೇರಿಸಿದ, ಫ್ಯಾನು ತಿರುಗಿತು. ಡಬ್ಬಿ ಚೆನ್ನಾಗಿದೆ, ಬಟನ್ನೇ ಕಚ್ಚಿಕೊಂಡಿದೆ ಅಂದ. ಶುಕ್ರವಾರ ಶುಕ್ರವಾರ ಸೊಸೆ ಇಟ್ಟ ಅರಿಶಿನ ಕುಂಕುಮ ಬಟನ್ನಿನ ಸಂದಿಯಲ್ಲಿ ಗಟ್ಟಿಯಾಗಿತ್ತು. ಕೆರೆಯುತ್ತಾ ಕೂತ.

ಅಷ್ಟರಲ್ಲಿ ಮದುವೆ ಹುಡುಗಿಯೇ ಸ್ಕೂಟರಲ್ಲಿ ಬಂದು ನನ್ನನ್ನು ಜಗಲಿಗೆ ಕರೆದಳು. ಅತ್ತು ಅತ್ತು ಕಣ್ಣು ಊದಿತ್ತು.

“ಹೆಸರು ಬದಲಾಯಿಸಿಬಿಟ್ರಾ ಅಜ್ಜಿ?”

“ಇನ್ನೂ ಇಲ್ಲ ಕಣಮ್ಮ. ಕಂಪ್ಯೂಟರ್ ಕೆಟ್ಟಿದೆ, ಇನ್ನೇನು ಸರಿಹೋಗ್ತದೆ.”

“ಇವತ್ತೊಂದಿನ ಕೆಟ್ಟೇ ಇರಲಿ ಅಜ್ಜಿ. ಸಂಜೆ ಅವರ ಮನೆಯವರು ಪಾಯಸದ ಮಾತಿಗೆ ತಪ್ಪಾಯ್ತು ಅನ್ನೋಕೆ ಬರ್ತಿದ್ದಾರೆ.”

ಒಳಗೆ ಹೋದೆ. ಮೆಲ್ಲಗೆ ಗೋಡೆಯ ಸ್ವಿಚ್ ಆರಿಸಿ, ಅದಕ್ಕೇ ಬೆನ್ನು ಒರಗಿಸಿ ಕೂತೆ. ಅವನು ಬಟನ್ ಒತ್ತಿದ, ಏಳಲಿಲ್ಲ. ಹೇರ್‌ಪಿನ್ ಹಾಕಿದ, ಫ್ಯಾನೂ ತಿರುಗಲಿಲ್ಲ. ಈಗ ಡಬ್ಬಿಯೇ ಹೋಯ್ತು ಅಂತ ಸಿದ್ಧಾರ್ಥನಗರಕ್ಕೆ ಓಡಿ ಇನ್ನೊಂದು ತಂದ. ಅದೂ ಸತ್ತಂತಿತ್ತು. ಮಾರಿದವನಿಗೆ ಫೋನಲ್ಲೇ ಬಾಯಿಗೆ ಬಂದಂತೆ ಬೈದ. ರಾಹುಕಾಲ ಬಂತು, ಅಮ್ಮನವರು ಸಿಡಿಮಿಡಿಗುಟ್ಟುತ್ತಾ ಎದ್ದುಹೋದರು. ಮಾರನೇ ದಿನ ಅವರದೇ ಫೋನು ಬಂತು: ಹಳೇ ಹೆಸರೇ ಇರಲಿ.

ಅವತ್ತು ರಿಪೇರಿಯವನೇನೋ ಒಂದೊಂದು ವೈರನ್ನೂ ಎಳೆದು ನೋಡಿದ್ದ. ನಡುವೆ ಒಂದು ಸಲ ಗೋಡೆ ಹತ್ತಿರವೂ ಬಂದ. ನನ್ನನ್ನು ನೋಡಿ, ಬೆನ್ನುನೋವಾ ಅಜ್ಜಿ ಅಂತ ಕೇಳಿ, ಒರಗೋಕೆ ಒಂದು ದಿಂಬು ತಂದುಕೊಟ್ಟು ಹೋದ.