ತೇವಾಂಶ ಕಳೆಯದೆ ನನ್ನನ್ನು ತೂಗಿದ ಯಂತ್ರಕ್ಕೆ

ಮಾನ್ಯ ತೂಕದ ಯಂತ್ರದವರೇ,

ಶಿಕಾರಿಪುರದ ಮಾರುಕಟ್ಟೆ ಪ್ರಾಂಗಣದಲ್ಲಿ, ಗುರುಪ್ರಕಾಶರ ಮಂಡಿಯ ಬಾಗಿಲಲ್ಲಿ ದಿನವಿಡೀ ಮಲಗಿದ್ದರೂ ಯಾರಿಂದಲೂ ಸೋಮಾರಿ ಎನ್ನಿಸಿಕೊಳ್ಳದ ತಮಗೆ, ಅದೇ ಮಂಡಿಯ ಹಮಾಲಿ ಮಾಳೇಶನ ಸಾಷ್ಟಾಂಗ ನಮಸ್ಕಾರಗಳು. ಆರು ತಿಂಗಳ ಹಿಂದಾಗಿದ್ದರೆ ಹೊಟ್ಟೆ ಅಡ್ಡ ಬಂದು ನಿಂತಲ್ಲೇ ಕೈಮುಗಿಯುತ್ತಿದ್ದೆ.

ರಕ್ತದಲ್ಲಿ ಸಕ್ಕರೆ ಅಂಚಿಗೆ ಬಂದಿದೆ, ಹೊಟ್ಟೆ ಕರಗಿಸು ಎಂದು ಡಾಕ್ಟರು ಹೇಳಿದ್ದೇ ತಡ, ಅನ್ನ ಬಿಟ್ಟು, ರೊಟ್ಟಿ ಬಿಟ್ಟು, ಬೆಳಗ್ಗೆ ನಿಂಬೆಹಣ್ಣಿನ ನೀರು, ಸಂಜೆ ಒಂದು ಹಿಡಿ ಮಂಡಕ್ಕಿಯ ಮೇಲೆ ಜೀವ ಹಿಡಿದು, ದಿನಾ ಚೀಲಗಳಿಗಿಂತ ಮೊದಲು ನಾನೇ ತಮ್ಮ ಮೇಲೆ ಹತ್ತತೊಡಗಿದೆ. ಮೊದಲ ವಾರವೇ ನಾಲ್ಕು ಕಿಲೋ ಇಳಿಸಿ ತೋರಿಸಿದ ತಮ್ಮ ಔದಾರ್ಯಕ್ಕೆ ಮರುಳಾಗಿ, ಹಮಾಲಿ ಗುಂಪಿಗೆಲ್ಲ ಚಹಾ ಕುಡಿಸಿದೆ. ಎರಡು ತಿಂಗಳಲ್ಲಿ ಎಂಬತ್ತೆರಡು ಇದ್ದವನು ಎಪ್ಪತ್ತೊಂದಕ್ಕೆ ಇಳಿದೆ.

ಆಮೇಲೊಂದು ದಿನ ಮೆಕ್ಕೆಜೋಳದ ಚೀಲ ಬೆನ್ನಿಗೇರಿಸಿ ಲಾರಿಯ ಹಲಗೆ ಹತ್ತುವಾಗ ಮೊಣಕಾಲು ಕುಸಿದು, ನಾನೊಂದು ಕಡೆ, ಚೀಲವೊಂದು ಕಡೆ, ಜೋಳ ಎಲ್ಲ ಕಡೆ. ನಮ್ಮ ಗುಂಪಿನ ಮುಖ್ಯಸ್ಥ ಗುತ್ಯಪ್ಪನವರು ಬೈಯಲಿಲ್ಲ. "ನೀ ಒಂದಿಷ್ಟ್ ದಿನ ಚೀಲ ಹೊಲಿಯಪ್ಪಾ, ಸಾಕು" ಎಂದು ಕೈಗೆ ದಬ್ಬಣ ಕೊಟ್ಟರು. ಇಪ್ಪತ್ತು ವರ್ಷ ಬೆನ್ನಿನ ಮೇಲೇ ಅನ್ನ ಸಂಪಾದಿಸಿದವನಿಗೆ ಬೈಗುಳವೇ ವಾಸಿಯಿತ್ತು. ಗೋದಾಮಿನ ಹಿಂದೆ ಹೋಗಿ ಅತ್ತುಬಿಟ್ಟೆ, ಹೇಳಲು ನನಗೇನೂ ನಾಚಿಕೆಯಿಲ್ಲ. ಹೆಂಡತಿ ಈಶ್ವರಮ್ಮ ಮಾತ್ರ ಮೇಲಿನಿಂದ ಕೆಳಗಿನವರೆಗೆ ನೋಡಿ, "ಹೊಟ್ಟೆ ಇದ್ದಲ್ಲೇ ಐತಿ, ತೊಡೆ ಕರಗ್ಯಾವ ನೋಡ್ರಿ" ಎಂದು ಪಂಚನಾಮೆ ಮುಗಿಸಿದಳು.

ಮಾನ್ಯರೇ, ರೈತರ ಜೋಳ ಬಂದರೆ ಈ ಮಂಡಿಯಲ್ಲಿ ತೇವಾಂಶ ನೋಡುತ್ತಾರೆ, ಗೋಣಿಚೀಲದ ತೂಕ ಕಳೆಯುತ್ತಾರೆ, ಕಸಕಡ್ಡಿ ಲೆಕ್ಕ ಹಿಡಿಯುತ್ತಾರೆ. ಹಸಿ ಜೋಳದ ತೂಕ ತೂಕವೇ ಅಲ್ಲ ಎಂದು ಇಪ್ಪತ್ತು ವರ್ಷದಿಂದ ರೈತರಿಗೆ ಬುದ್ಧಿ ಹೇಳಿದ ನಾನೇ, ನನ್ನ ಮೈಯ ನೀರೂ ತೋಳಿನ ಮಾಂಸವೂ ಇಳಿದುಹೋದಾಗ ಕೊಬ್ಬು ಕರಗಿತೆಂದು ಹಿಗ್ಗಿದೆನಲ್ಲ! ಆದ್ದರಿಂದ ಇನ್ನು ಮುಂದೆ ಮನುಷ್ಯರು ಹತ್ತಿದಾಗಲೂ ಕೊಬ್ಬೆಷ್ಟು, ಮಾಂಸವೆಷ್ಟು, ನೀರೆಷ್ಟು, ಬರೀ ಜಂಭವೆಷ್ಟು ಎಂದು ಬೇರೆ ಬೇರೆ ಚೀಟಿ ಕೊಡಬೇಕಾಗಿಯೂ, ನನ್ನಿಂದ ಹೋದ ಮಾಂಸವನ್ನು ನುಸಿ ಹಿಡಿದಿದ್ದರೂ ಚಿಂತೆಯಿಲ್ಲ, ಹಿಂದಿರುಗಿಸಬೇಕಾಗಿಯೂ ಬೇಡಿಕೊಳ್ಳುತ್ತೇನೆ.

ಸೊರಬ ತಾಲ್ಲೂಕಿನ ಉಳವಿ ಕಡೆ ನರ್ಸ್ ಆಗಿರುವ ನಾದಿನಿ ಸುಮಾ ಸುದ್ದಿ ಕೇಳಿ ಫೋನಿನಲ್ಲೇ ಬೆವರಿಳಿಸಿದಳು. "ಭಾವ, ಅನ್ನ ಅರ್ಧ ಮಾಡಿ, ಕಾಳು ಮೊಟ್ಟೆ ಬಿಡಬ್ಯಾಡಿ. ಉಪವಾಸ ಬಿದ್ದು ಭಾರ ಎತ್ತೋದೂ ಬಿಟ್ರೆ ಮೈ ತನ್ನ ತೋಳನ್ನೇ ತಿಂತದೆ" ಎಂದಳು. ಅಂದಿನಿಂದ ಅರ್ಧ ತಟ್ಟೆ ಅನ್ನ, ನೆನೆಸಿದ ಹುರುಳಿ, ಎರಡು ಮೊಟ್ಟೆ, ಮೊಸರು. ಬೆಳಗ್ಗೆ ಅರ್ಧ ತುಂಬಿದ ಚೀಲ ಎತ್ತುವುದು, ವಾರಕ್ಕೆ ಒಂದು ಸೇರು ಜೋಳ ಹೆಚ್ಚಿಗೆ ಸುರಿಯುವುದು. ಮೂರು ತಿಂಗಳಾಯಿತು. ಪ್ಯಾಂಟು ಸೊಂಟದಲ್ಲಿ ನಿಲ್ಲದೆ ಸುತಳಿ ಬಿಗಿದು ಓಡಾಡುತ್ತಿದ್ದೇನೆ. ತಾವು ಮಾತ್ರ ಹಟ ಹಿಡಿದವರಂತೆ ಮೊನ್ನೆಯವರೆಗೂ ಅದೇ ಎಪ್ಪತ್ತೊಂದು ತೋರಿಸಿದಿರಿ. ತಮ್ಮ ಪ್ರಾಮಾಣಿಕತೆಯ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ, ಕಣ್ಣಿನ ಬಗ್ಗೆ ಇದೆ.

ಇಂತಿ, ದಿನಾ ಹತ್ತಿ ಇಳಿದು ಈಗ ಹತ್ತುವುದನ್ನೇ ಬಿಟ್ಟಿರುವ ತಮ್ಮ ವಿಶ್ವಾಸಿ,
ಮಾಳೇಶ

ತಾಜಾ ಕಲಂ: ಇಂದು ಬೆಳಗ್ಗೆ ಕಸ ಗುಡಿಸಲೆಂದು ತಮ್ಮನ್ನು ಸರಿಸಲು ನಾಲ್ವರನ್ನು ಕರೆದಿದ್ದರು. ಅವರನ್ನು ಚಹಾಕ್ಕೆ ಕಳಿಸಿ, ನಾನೊಬ್ಬನೇ ತಮ್ಮನ್ನು ತಬ್ಬಿ ಎತ್ತಿ ಕಂಬದ ಪಕ್ಕಕ್ಕೆ ಕೂರಿಸಿದೆ. ಗುತ್ಯಪ್ಪನವರು ನೋಡಿ, ನಾಳೆಯಿಂದ ಲಾರಿಗೆ ಬಾ ಎಂದರು. ಊರನ್ನೆಲ್ಲ ತೂಗುವ ತಮ್ಮ ತೂಕವೆಷ್ಟೆಂದು ತಮಗೇ ತಿಳಿದಿರಲಾರದು. ಬೇಕಿದ್ದರೆ ಇನ್ನು ಮುಂದೆ ನನ್ನನ್ನು ಕೇಳಬಹುದು.