ಊಟದ ಮೇಜಿನ ಮೇಲೊಂದು ವಂಶವೃಕ್ಷ

ಬಂಧುಬಳಗದ ಲೆಕ್ಕದಲ್ಲಿ ನನ್ನನ್ನು ಮೀರಿಸುವವರು ಅಮೆರಿಕದ ಈ ಷಾರ್ಲೆಟ್ಟಿನಲ್ಲಿ ಯಾರೂ ಇಲ್ಲ ಎಂದು ಹೇಳಿಕೊಳ್ಳಲು ನನಗೆ ನಾಚಿಕೆಯೇನೂ ಇಲ್ಲ. ಕನ್ನಡದವರ ಯಾವುದೇ ಸಮಾರಂಭದ ಊಟದ ಸಾಲಿನಲ್ಲಿ ಹೊಸಬರು ನನ್ನ ಹಿಂದೆ ನಿಂತರೆ, ಕೋಸಂಬರಿ ದಾಟುವಷ್ಟರಲ್ಲಿ ಅವರ ಊರು ಕೇಳಿ, ಪಲ್ಯ ದಾಟುವಷ್ಟರಲ್ಲಿ ಅವರ ಅಜ್ಜಿಯ ತವರು ಕೇಳಿ, ಪಾಯಸದ ಹೊತ್ತಿಗೆ ಅವರನ್ನು ನನ್ನ ಸೋದರತ್ತೆಯ ಓರಗಿತ್ತಿಯ ತಮ್ಮನನ್ನಾಗಿ ಮಾಡಿಬಿಟ್ಟಿರುತ್ತೇನೆ. ಈಚೆಗೆ ಕೆಲವರು ನನ್ನನ್ನು ಕಂಡರೆ ಬೇರೆ ಸಾಲಿಗೆ ಹೋಗುತ್ತಾರೆ, ಅದು ಬೇರೆ ಮಾತು. ನಾನು ಹೇಳುವುದಿಷ್ಟೆ: ನೆಂಟಸ್ತನ ಹುಟ್ಟಿನಿಂದ ಬರಬೇಕು, ಇಲ್ಲವೇ ಮದುವೆಯಿಂದ ಬರಬೇಕು. ಗೋಂದಿನಿಂದ ಬರಬಾರದು.

ಗೋಂದಿನ ಮಾತು ಯಾಕೆ ಬಂತೆಂದರೆ, ನಮ್ಮ ಮಗಳು ಅನಘಾ ಸೌತ್ ಕ್ಯಾರೊಲಿನಾದಲ್ಲಿ ಕಾಲೇಜು ಸೇರಿದವಳು, ಅದರ ಜೊತೆಗೆ ಒಂದು ಸೊರೊರಿಟಿಯನ್ನೂ ಸೇರಿದಳು. ಸೊರೊರಿಟಿ ಎಂದರೆ ಕಾಲೇಜು ಹುಡುಗಿಯರು ಕಟ್ಟಿಕೊಂಡ ಕೂಟ. ಹುಡುಗರು ಕಟ್ಟಿಕೊಂಡರೆ ಅದು ಫ್ರಟರ್ನಿಟಿ. ಗ್ರೀಕ್ ಅಕ್ಷರಗಳ ಹೆಸರು, ಅವೇ ಅಕ್ಷರಗಳ ಟೀ ಶರ್ಟು, ಮುಂದೆ ಬಿಳಿ ಕಂಬಗಳಿರುವ ದೊಡ್ಡ ಮನೆ. ಹುಡುಗಿ ಒಂಟಿಯಾಗುವುದಿಲ್ಲವಲ್ಲ ಎಂದು ನಾವೂ ಹೂಂ ಅಂದೆವು. ಅಲ್ಲಿ ಹೊಸದಾಗಿ ಸೇರಿದವಳಿಗೆ ಹಿರಿಯ ಹುಡುಗಿಯೊಬ್ಬಳನ್ನು 'ಬಿಗ್' ಎಂದು ಗೊತ್ತುಮಾಡುತ್ತಾರೆ, ಅಂದರೆ ಅಕ್ಕ. ಆ ಅಕ್ಕ ಓದು ಮುಗಿಸಿ ಹೊರಡುವಾಗ ತಂಗಿಯಾದವಳು ನೆನಪಿನ ಫೋಟೋಗಳನ್ನೆಲ್ಲ ಅಂಟಿಸಿ ಒಂದು ಸ್ಕ್ರ್ಯಾಪ್‌ಬುಕ್ ಮಾಡಿಕೊಡಬೇಕಂತೆ. ಮಾರ್ಚಿನಲ್ಲಿ ಸ್ಪ್ರಿಂಗ್ ಬ್ರೇಕಿನ ರಜೆಗೆ ಮನೆಗೆ ಬಂದ ಅನಘಾ ಎರಡು ಚೀಲ ತಂದಳು. ಒಂದರಲ್ಲಿ ಒಗೆಯುವ ಬಟ್ಟೆ. ಇನ್ನೊಂದರಲ್ಲಿ ಬಣ್ಣದ ಕಾಗದ, ರಿಬ್ಬನ್ನು, ಗೋಂದು, ಡಬ್ಬಿಗಟ್ಟಲೆ ಗ್ಲಿಟರು ಎಂಬ ಮಿನುಗುವ ಪುಡಿ. ಅವತ್ತಿನಿಂದ ಊಟದ ಮೇಜು ಅವಳದಾಯಿತು. ನಾವು ಸೋಫಾದ ಮೇಲೆ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣತೊಡಗಿದೆವು. ಸಾರಿನಲ್ಲಿ ಗ್ಲಿಟರು, ಮೊಸರಿನಲ್ಲಿ ಗ್ಲಿಟರು. ಬ್ಯಾಂಕಿನ ಐಟಿ ಕೆಲಸವನ್ನು ಮನೆಯಿಂದಲೇ ಮಾಡುವ ನನ್ನ ಗಂಡನ ತಲೆಯಲ್ಲಿ ಕೂದಲಿಗಿಂತ ಖಾಲಿ ಜಾಗವೇ ಹೆಚ್ಚು. ಒಂದು ದಿನ ವಿಡಿಯೋ ಮೀಟಿಂಗಿನಲ್ಲಿ ಆ ಜಾಗ ಮಿನುಗುವುದನ್ನು ಕಂಡು ಅವರ ಮ್ಯಾನೇಜರು ಇವತ್ತೇನು ನಿಮ್ಮಲ್ಲಿ ಹಬ್ಬವೇ ಎಂದು ಕೇಳಿದರಂತೆ. ಅವರು ಅದನ್ನು ಹೇಳಿಕೊಂಡು ನಕ್ಕರು. ನನಗೆ ನಗು ಬರಲಿಲ್ಲ.

ಗ್ಲಿಟರನ್ನಾದರೂ ಸಹಿಸಿಕೊಂಡೆ. ಸಹಿಸಲಾಗದ್ದು ಒಂದು ಪುಟ. ಮೇಜು ಒರೆಸಲು ಹೋದಾಗ ಕಣ್ಣಿಗೆ ಬಿತ್ತು: ಮೇಲೆ ಚಿನ್ನದ ಬಣ್ಣದಲ್ಲಿ 'ಮೈ ಫ್ಯಾಮಿಲಿ', ಕೆಳಗೊಂದು ಮರ. ಮರದ ಕೆಳಗಿನ ಕೊಂಬೆಯಲ್ಲಿ ನನ್ನ ಮಗಳು, ಅವಳ ಮೇಲೆ ಕೇಟಿ ಎಂಬ ಅಕ್ಕ, ಕೇಟಿಯ ಮೇಲೆ ಅವಳ ಅಕ್ಕ, ಅಂದರೆ ಇಪ್ಪತ್ಮೂರು ವರ್ಷದ ಒಬ್ಬ ಅಜ್ಜಿ, ತುದಿಯಲ್ಲಿ ಅಟ್ಲಾಂಟಾದಲ್ಲಿ ಕೆಲಸಕ್ಕಿರುವ ಮುತ್ತಜ್ಜಿ. ಪಕ್ಕದ ಕೊಂಬೆಯಲ್ಲಿ ಕೆಂಪುಗೂದಲಿನ ಹುಡುಗಿಯೊಬ್ಬಳು. ಅವಳೂ ಕೇಟಿಗೆ ತಂಗಿ, ಆದ್ದರಿಂದ ಅನಘಾಳ ಅವಳಿಯಂತೆ. ಹೆತ್ತವಳು ನಾನು. ಅವಳಿಯಾಗಿದ್ದರೆ ನನ್ನ ಗಮನಕ್ಕೆ ಬರುತ್ತಿರಲಿಲ್ಲವೇ? ಮೈಸೂರಿನಿಂದ ಫೋನ್ ಮಾಡಿದಾಗಲೆಲ್ಲ ಮಗು ಉಂಡಿತೇ ಎಂದು ಕೇಳುವ ನಿಜವಾದ ಅಜ್ಜಿಗೆ ಆ ಮರದಲ್ಲಿ ಒಂದು ಎಲೆಯೂ ಇರಲಿಲ್ಲ.

"ಇದರಲ್ಲಿ ನಾನೆಲ್ಲೇ?" ಎಂದು ಕೇಳಿದೆ.

"ಅಮ್ಮಾ, ದಿಸ್ ಈಸ್ ಎ ಡಿಫರೆಂಟ್ ಫ್ಯಾಮಿಲಿ. ನೀನು ಬೇರೆ ಪೇಜಲ್ಲಿ ಇದೀಯ, ನೋಡು."

ನೋಡಿದೆ. ಅಕ್ಟೋಬರಿನ ರಜೆಯಲ್ಲಿ ಹುಡುಗಿಯರು ನಮ್ಮನೆಗೆ ಬಿಸಿಬೇಳೆ ಬಾತಿಗೆ ಬಂದಿದ್ದಾಗಿನ ಫೋಟೋ. ನಾಲ್ಕು ಜನ ಹಲ್ಲು ಬಿಟ್ಟುಕೊಂಡು ಕೂತಿದ್ದಾರೆ, ಅಂಚಿನಲ್ಲಿ ಸೌಟು ಹಿಡಿದ ಒಂದು ಕೈ. ಬಳೆಗಳು ನನ್ನವೇ. ಫೋಟೋವನ್ನು ಹೃದಯದ ಆಕಾರಕ್ಕೆ ಕತ್ತರಿಸುವಾಗ ನನ್ನ ಮುಖ ಕಸದ ಬುಟ್ಟಿಗೆ ಹೋಗಿತ್ತು. ಬೆಳಗಿನಿಂದ ಒಲೆಯ ಮುಂದೆ ನಿಂತಿದ್ದಕ್ಕೆ ಸಿಕ್ಕಿದ್ದು ಇದು. ಹೊಟ್ಟೆ ಉರಿಯಿತು, ಹಿಂದೆಯೇ ಅಳುವೂ ಬಂತು. ಸಾಕಿ ಸಲಹಿದ ಮಗಳ ಸಂಸಾರದಲ್ಲಿ ನಾನು ಬರೀ ಸೌಟು ಹಿಡಿಯುವವಳೇ? ಕೈಯಾದರೂ ಬಂದಿದೆಯಲ್ಲ, ನನ್ನದು ಅದೂ ಇಲ್ಲ ಎಂದು ನನ್ನ ಗಂಡ ಸಮಾಧಾನ ಹೇಳಿದರು.

ಶನಿವಾರ ಆ ಕೇಟಿ ಊಟಕ್ಕೆ ಬರುವವಳಿದ್ದಳು. ಅಕ್ಕ ಎಂದರೆ ಯಾರು, ಅಜ್ಜಿ ಎಂದರೆ ಯಾರು ಎಂದು ಇಬ್ಬರಿಗೂ ನಾಲ್ಕು ಮಾತು ಹೇಳಿಯೇ ಕಳಿಸಬೇಕೆಂದು ಇಂಗ್ಲಿಷಿನಲ್ಲಿ ಮಾತು ಜೋಡಿಸಿಕೊಂಡೆ. ಉದ್ದನೆಯ ಹುಡುಗಿ, ಚಪ್ಪಲಿಯನ್ನು ಹೊರಗೇ ಬಿಟ್ಟು ಬಂದಳು. ಪುಸ್ತಕ ತೆರೆದು ಒಂದೊಂದು ಪುಟಕ್ಕೂ ಅತ್ತಳು. ಆಮೇಲೆ ಮೂಗು ಒರೆಸಿಕೊಂಡು ನನ್ನನ್ನೇ ಕೇಳಿದಳು: ನಿಮ್ಮಲ್ಲಿ ಪ್ರತಿಯೊಂದು ಸಂಬಂಧಕ್ಕೂ ಬೇರೆ ಬೇರೆ ಹೆಸರಿದೆಯಂತೆ, ಹಾಗಾದರೆ ನಾನು ನಿಮಗೆ ಏನಾಗಬೇಕು?

ಇಂಥ ಅವಕಾಶ ಮತ್ತೆ ಸಿಗುವುದಿಲ್ಲ ಎಂದುಕೊಂಡು ಬಾಯಿ ತೆರೆದೆ. ಆದರೆ ಊಟದ ಸಾಲಿನ ಅಭ್ಯಾಸ ಎಲ್ಲಿ ಬಿಡುತ್ತದೆ?

"ಇವಳಿಗೆ ಅಕ್ಕ ಅಂದ್ಮೇಲೆ ನನಗೆ ಮಗಳಾಗ್ಬೇಕು" ಅಂದುಬಿಟ್ಟೆ.

ಲೆಕ್ಕ ಇದ್ದದ್ದೇ ಹಾಗೆ, ನಾನೇನು ಮಾಡಲಿ? ಅನಘಾ ಅದನ್ನು ಇಂಗ್ಲಿಷಿಗೆ ತಿರುಗಿಸಿದಳು. ಆ ಹುಡುಗಿ ಬಂದು ನನ್ನನ್ನು ತಬ್ಬಿಕೊಂಡಿತು. ಜೋಡಿಸಿಟ್ಟಿದ್ದ ನಾಲ್ಕು ಮಾತು ಹಾಗೇ ಉಳಿದವು. ಮನೆಮಗಳನ್ನು ಬರಿಗೈಯಲ್ಲಿ ಕಳಿಸಲಾಗುತ್ತದೆಯೇ? ಅರಿಶಿನ ಕುಂಕುಮದ ಜೊತೆ ಬ್ಲೌಸ್ ಪೀಸ್ ಕೊಟ್ಟೆ. ಅವಳು ಅದನ್ನು ತಲೆಗೆ ಕಟ್ಟಿಕೊಂಡು ಕಾರು ಓಡಿಸಿಕೊಂಡು ಹೋದಳು.

ಈಗ ಕೇಟಿ ಓದು ಮುಗಿಸಿ, ದೂರದ ಹರ್ನ್‌ಡನ್ ಎಂಬ ಊರಿನಲ್ಲಿ ಕೆಲಸಕ್ಕಿದ್ದಾಳೆ. ಒಬ್ಬಳೇ ಇರುವ ಹುಡುಗಿ, ಏನು ತಿನ್ನುತ್ತಾಳೋ ಎಂದು ಸಾರಿನ ಪುಡಿ ಕಳಿಸಿದ್ದೆ. ಮೊನ್ನೆ ಗೌರಿ ಹಬ್ಬಕ್ಕೆ ಇಬ್ಬರಿಗೂ ಒಂದೊಂದು ಕುರ್ತಾ ಪೋಸ್ಟಿನಲ್ಲಿ ಕಳಿಸಿದೆ. ಎರಡೂ ತಲುಪಿವೆ ಎಂದು ನನ್ನ ಫೋನೇ ಹೇಳುತ್ತಿದೆ. ಒಬ್ಬಳಿಂದಲೂ ಒಂದು ಫೋನಿಲ್ಲ. ಪಾಪ, ಅವರಿಗೂ ಕೆಲಸವಿರುತ್ತದೆ, ಬಿಡು ಅನ್ನುತ್ತಾರೆ ನನ್ನ ಗಂಡ. ಹೇಗೆ ಬಿಡಲಿ? ಅನಘಾ ಇನ್ನೂ ಹುಡುಗುಬುದ್ಧಿಯವಳು, ಮರೆತಿರಬಹುದು. ದೊಡ್ಡವಳಿಗಾದರೂ ಜವಾಬ್ದಾರಿ ಬೇಡವೇ?